ಹದಿನಾಲ್ಕನೇ ಟ್ರ್ಯಾಪು

ಗಂಗಾವತಿ ದಾಟಿ ಕಾರಟಗಿ ರಸ್ತೆಗೆ ಎರಡು ಮೈಲಿ.
ಹೊಟ್ಟಿನ ಬೂದಿ ಕೂತು ಬೇವಿನೆಲೆ ನರೆತಿರುವಲ್ಲಿ
ಮಿಲ್ಲು.
ಭತ್ತ ಬೇಯುವ ವಾಸನೆಗೆ ಮೊದಲು ಹಸಿವು,
ಆಮೇಲೆ ಓಕರಿಕೆ, ಆಮೇಲೆ ಏನೂ ಇಲ್ಲ.

ನನ್ನ ಪೆಟ್ಟಿಗೆಯಲ್ಲಿ ಪಿಸ್ತೂಲಿನಂಥದ್ದೊಂದು ಯಂತ್ರ,
ಹೆಡ್‌ಫೋನು, ಒಂದು ಕಟ್ಟು ಕೆಂಪು ಚೀಟಿ.
"ಡಾಕ್ಟರ್ ಏನ್ರಿ?" ಕೇಳಿದ ಗೇಟಿನವ.
ಹೌದೆಂದರೆ ಸುಳ್ಳು, ಅಲ್ಲವೆಂದರೆ ತಡ.
ತಲೆಯಾಡಿಸಿದೆ.

ಪೈಪಿನ ಹೊಟ್ಟೆಯ ಕೆಳಗೆ ಮುಷ್ಟಿ ಗಾತ್ರದ
ಮೂವತ್ತೊಂದು ಟ್ರ್ಯಾಪು.
ಎಡದಂಡೆ ಕಾಲುವೆಯವರಿಗೆ ಬಿಡಿಸಿ ಹೇಳಬೇಕಿಲ್ಲ:
ಒಂದೊಂದೂ ಒಬ್ಬ ನೀರಗಂಟಿ.
ದಣಿದು ನೀರಾದ ಹಬೆಯನ್ನು ಹೊರಗೆ ಬಿಡಬೇಕು,
ಇನ್ನೂ ಕಸುವಿರುವುದನ್ನು ತಡೆಯಬೇಕು.

ಹುಲಿಗೆಪ್ಪ ಬಾಯ್ಲರಿನವ, ಇಪ್ಪತ್ತಾರು ವರ್ಷ.
ಎಡಗಿವಿಗೆ ಮಾತು ಮುಟ್ಟುವುದಿಲ್ಲ,
ಬಲಗಿವಿಗೆ ಅರ್ಧ.
ಉದ್ದನೆಯ ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ,
ಹಿಡಿ ಕಿವಿ ಹಿಂದಿನ ಎಲುಬಿಗೆ ಒತ್ತಿ
"ಇದು ಚಲೋ ಮಾತಾಡ್ತೈತಿ" ಎಂದ ಒಂಬತ್ತನೆಯದಕ್ಕೆ.
ಹದಿನಾಲ್ಕರ ಮುಂದೆ ಪಾನಾ ಎತ್ತಿ ಎರಡು ಬಾರಿಸಿದ.
"ಇದು ಮೂಗ ಐತ್ರಿ. ದಿನಾ ಬಡೀಬೇಕು."
ಮುಚ್ಚಳ ಹೊಂಡಬಿದ್ದಿತ್ತು.

ಯಂತ್ರಕ್ಕೆ ಕಿವಿಯಿದೆಯೋ ಮೊದಲು ನೋಡಬೇಕಲ್ಲ,
ಅದರ ಮೂತಿಯೆದುರು ಹೆಬ್ಬೆರಳಿಗೆ ತೋರುಬೆರಳು ಉಜ್ಜಿದೆ:
ಲಾರಿಯಿಂದ ಹೊಟ್ಟು ಸುರಿದಷ್ಟು ಗದ್ದಲ.
ನನ್ನದೇ ಚರ್ಮ.
ಇಷ್ಟು ದಿನ ನನ್ನಿಂದ ಬಚ್ಚಿಟ್ಟುಕೊಂಡು ಮಾತಾಡಿದೆ.

ಒಂಬತ್ತಕ್ಕೆ ಮುಟ್ಟಿಸಿದರೆ ಸುಸ್ಸೆಂದು ಒಂದೇ ಉಸಿರು,
ನಡುವೆ ನಿಲುಗಡೆಯೇ ಇಲ್ಲ.
ತೂಬು ತೆರೆದಿಟ್ಟು ಮಲಗಿದ್ದಾನೆ ಇವನು.
ಹಬೆ ಹಬೆಯಾಗಿಯೇ ಓಡುತ್ತಿದೆ
ಭತ್ತದ ಕಡೆ ತಿರುಗಿಯೂ ನೋಡದೆ.
ಕೆಂಪು ಚೀಟಿ.
ಹನ್ನೊಂದಕ್ಕೂ ಕೆಂಪು.
ಹನ್ನೆರಡು ತಣ್ಣಗೆ, ಒಳಗೆ ತುಕ್ಕಿನ ಕೆಸರು, ಕೆಂಪು.

ಹದಿನಾಲ್ಕು.

ಏನೂ ಇಲ್ಲ.
ಹುಲಿಗೆಪ್ಪ ನನ್ನ ಮುಖ ನೋಡಿದ,
ನಾ ಹೇಳಿರಲಿಲ್ಲೇನು ಎಂಬಂತೆ.
ಪಾನಾ ಇನ್ನೂ ಕೈಯಲ್ಲೇ.
ಎಣಿಸಿದೆ. ಏಳು. ಎಂಟು.
ಟಕ್.
ಗುಟುಕು ಗುಟುಕಾಗಿ ನೀರು ಹೊರಬಿದ್ದು
ಬಾಗಿಲು ಮುಚ್ಚಿತು.
ಮತ್ತೆ ಏನೂ ಇಲ್ಲ.
ನೆಟ್ಟಗೆ ಕಾಯುವವನ ಸದ್ದು ಇಷ್ಟೇ.

ಹೆಡ್‌ಫೋನು ರುಮಾಲಿನ ಮೇಲೆ ಕೂರಲಿಲ್ಲ,
ರುಮಾಲು ಬಿಚ್ಚಿದ.
ಮನುಷ್ಯರ ಕಿವಿಗೆ ನಿಲುಕದಷ್ಟು ಸಣ್ಣ ದನಿಯನ್ನು
ಕೆಳಗಿಳಿಸಿ ದಪ್ಪ ಮಾಡಿ ಕೊಡುವ ಯಂತ್ರ
ಅವನಿಗೆ ಉಳಿದಿದ್ದ ಅರ್ಧ ಕಿವಿಗೆ ಅಳತೆಯಾಯಿತು.
ಮೂರು ಸಲ ಟಕ್ಕೆನ್ನುವವರೆಗೂ ಕದಲಲಿಲ್ಲ.
"ಉಣ್ಣಾಕ್ಹತ್ತೈತಿ" ಎಂದ. "ಉಂಡು ಬಾಯಿ ಮುಚ್ಕೊಂತೈತಿ."
ಪಾನಾ ಕಿಸೆಗೆ ತುರುಕಲು ನೋಡಿದ, ಹಿಡಿಸಲಿಲ್ಲ,
ನೆಲಕ್ಕಿಟ್ಟ.

ಸಾಹುಕಾರರಿಗೆ ಇದ್ಯಾವುದೂ ಬೇಕಿಲ್ಲ.
"ದಿನಕ್ಕ ಎಷ್ಟು ಚೀಲ ಹೊಟ್ಟು ಉಳಿತೈತಿ? ಅಷ್ಟ ಹೇಳ್ರಿ."
ಹೇಳಿದೆ. ಕ್ಯಾಲ್ಕುಲೇಟರ್ ಎರಡು ಸಲ ಒತ್ತಿದರು.
"ಹಂಗಾದ್ರ ಇಷ್ಟು ವರ್ಷ ಇಂವ ಏನ್ ಕೇಳ್ತಿದ್ದ?"
ಹುಲಿಗೆಪ್ಪನಿಗೆ ಕೇಳಿಸಲಿಲ್ಲ,
ಅಥವಾ ಬಲಗಿವಿ ಆಚೆ ತಿರುಗಿಸಿಕೊಂಡಿದ್ದ.

ಸಂಜೆ, ಭತ್ತ ಹರವುವ ಅಂಗಳದಲ್ಲಿ
ಚೀಟಿಗಳ ಲೆಕ್ಕ ಬರೆಯುತ್ತಿದ್ದೆ.
ಯಂತ್ರ ಆರಿಸಿರಲಿಲ್ಲ. ಅವನು ಇನ್ನೂ ಹಾಕಿಕೊಂಡೇ ಇದ್ದ,
ಹುಡುಗರ ಹಾಗೆ ಪಿಸ್ತೂಲು ಆಕಾಶಕ್ಕೆ ಹಿಡಿದು.
ಗೋದಾಮಿನ ತಗಡಿನ ಸಂದಿಯಿಂದ
ಕಪ್ಪು ಚೂರುಗಳು ಒಂದೊಂದಾಗಿ ಕಳಚಿಕೊಂಡವು.
ಬೆಚ್ಚಿಬಿದ್ದ.
ನಾನೂ ಒಂದು ಕಿವಿ ಅವನ ತಲೆಗೆ ಆನಿಸಿದೆ:
ಟಪ್, ಟಪ್, ಟಪ್, ಟಪ್ಟಪ್ಟಪ್
ಹುಳ ಹತ್ತಿರವಾದಷ್ಟೂ ಅವಸರ, ಆಮೇಲೆ ಚಕ್ಕನೆ ನಿಂತು
ಇನ್ನೊಂದು ಹುಳಕ್ಕೆ ಮೊದಲಿಂದ.

"ಕಣ್ಕಪ್ಪಡಿ ಮಾತಾಡ್ತಾವ?" ಎಂದ,
ಕಿವಿ ಮುಚ್ಚಿಕೊಂಡವರು ಕೂಗುವ ಹಾಗೆ
ಇಡೀ ಮಿಲ್ಲಿಗೆ ಕೇಳುವಂತೆ.
ಇಪ್ಪತ್ತಾರು ವರ್ಷ ಅವುಗಳ ಕೆಳಗೇ ಕೂತು ಬುತ್ತಿ ಉಂಡಿದ್ದಾನೆ.

ಬಸ್ಸಿಗೆ ಹೊತ್ತಾಗಿತ್ತು.
ಕೊಡಪ್ಪಾ ಎನ್ನಲಿಲ್ಲ.
ಇನ್ನೊಂದು ಬಸ್ಸು ಎಂಟಕ್ಕಿದೆಯಂತೆ.